ಉದ್ದಿನ ಹೂರಣದ ಖಾರದ ಕಡುಬು: ಕಣಕ ಬಿರಿಯದಂತೆ ಮಾಡುವುದು ಹೇಗೆ?

ಗಣೇಶನ ಹಬ್ಬದ ದಿನ ಎಲ್ಲರ ಕಣ್ಣೂ ಕಾಯಿ-ಬೆಲ್ಲದ ಸಿಹಿ ಕಡುಬಿನ ಮೇಲೆಯೇ. ಖಾರದ ಕಡುಬನ್ನು ಜೊತೆಗಿರಲಿ ಅಂತ ನಾಲ್ಕೇ ನಾಲ್ಕು ಮಾಡಿ ಮುಗಿಸುತ್ತಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ. ತೆಳ್ಳಗಿನ ಅಕ್ಕಿ ಹಿಟ್ಟಿನ ಕಣಕ, ಒಳಗೆ ಉದುರುದುರಾದ ಉದ್ದಿನ ಹೂರಣ, ಅದಕ್ಕೆ ಹಸಿಮೆಣಸು, ಇಂಗು, ಕರಿಬೇವಿನ ಘಮ. ಬಿಸಿಯಾಗಿದ್ದಾಗ ಮೇಲೆ ಒಂದು ಚಮಚ ತುಪ್ಪ ಬಿಟ್ಟುಕೊಂಡು ತಿಂದರೆ ಸಿಹಿ ಕಡುಬಿನ ನೆನಪೇ ಆಗುವುದಿಲ್ಲ. ಇದನ್ನು ತಿನ್ನಲು ಹಬ್ಬವೇ ಬರಬೇಕು ಅಂತೇನಿಲ್ಲ. ಭಾನುವಾರದ ತಿಂಡಿಗೂ ಆಗುತ್ತದೆ, ಮಳೆಗಾಲದ ಸಂಜೆಗೂ ಆಗುತ್ತದೆ.

ಕಡುಬು ಅಂದರೆ ನಮ್ಮಲ್ಲಿ ಒಂದೊಂದು ಕಡೆ ಒಂದೊಂದು ತಿಂಡಿ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು-ಅಕ್ಕಿ ಹಿಟ್ಟು ಹುಯ್ದು ಬೇಯಿಸುತ್ತಾರೆ. ಕೊಡಗಿನ ಕಡಂಬುಟ್ಟು ಅಕ್ಕಿ ತರಿಯ ಉಂಡೆ. ಉತ್ತರ ಕರ್ನಾಟಕದಲ್ಲಿ ಗೋಧಿ ಹಿಟ್ಟಿನ ಕಡುಬು ಹೆಚ್ಚು. ನಾನು ಇಲ್ಲಿ ಹೇಳುತ್ತಿರುವುದು ಮೈಸೂರು, ಬೆಂಗಳೂರು ಕಡೆಯ ಮನೆಗಳಲ್ಲಿ ಗಣೇಶನ ಹಬ್ಬಕ್ಕೆ ಮಾಡುವ, ಹೂರಣ ತುಂಬಿ ಅರ್ಧಚಂದ್ರದ ಹಾಗೆ ಮಡಚುವ ಕಡುಬು. ತಮಿಳುನಾಡಿನಲ್ಲೂ ವಿನಾಯಕ ಚತುರ್ಥಿಗೆ ಇದನ್ನು ಮಾಡುತ್ತಾರೆ. ಅಲ್ಲಿ ಇದು ಉಳುಂದು ಕೊಳುಕಟ್ಟೈ.

ಇದನ್ನು ಮಾಡಲು ಹೆದರುವವರು ಹೆದರುವುದು ಕಣಕಕ್ಕೆ. ತಟ್ಟುವಾಗ ಬಿರಿಯುತ್ತದೆ, ಬೆಂದ ಮೇಲೆ ಒಡೆಯುತ್ತದೆ, ಆರಿದರೆ ಕಲ್ಲಾಗುತ್ತದೆ ಅನ್ನುತ್ತಾರೆ. ಈ ಮೂರಕ್ಕೂ ಕಾರಣ ಸಾಮಾನ್ಯವಾಗಿ ಒಂದೇ: ಹಿಟ್ಟಿಗೆ ಸಾಕಷ್ಟು ನೀರು, ಸಾಕಷ್ಟು ಬಿಸಿ ಸಿಕ್ಕಿರುವುದಿಲ್ಲ. ಅದೊಂದನ್ನು ಸರಿ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ಏನೇನು ಬೇಕು?

ಇದು 20ರಿಂದ 24 ಕಡುಬಿಗೆ ಆಗುವ ಅಳತೆ. ಎಲ್ಲಕ್ಕೂ ಒಂದೇ ಬಟ್ಟಲು ಇಟ್ಟುಕೊಳ್ಳಿ.

ಕಣಕಕ್ಕೆ: ನುಣ್ಣನೆಯ ಅಕ್ಕಿ ಹಿಟ್ಟು 2 ಬಟ್ಟಲು, ನೀರು ಎರಡೂವರೆಯಿಂದ 3 ಬಟ್ಟಲು, ಉಪ್ಪು 1 ಸಣ್ಣ ಚಮಚ, ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ 2 ಚಮಚ.

ಹೂರಣಕ್ಕೆ: ಉದ್ದಿನಬೇಳೆ ಮುಕ್ಕಾಲು ಬಟ್ಟಲು, ಹಸಿಮೆಣಸಿನಕಾಯಿ 4 ಅಥವಾ 5, ಒಂದು ಅಂಗುಲ ಶುಂಠಿ, ಇಂಗು, ಉಪ್ಪು, ಹಸಿ ಕಾಯಿತುರಿ ಅರ್ಧ ಬಟ್ಟಲು, ಅರ್ಧ ನಿಂಬೆಹಣ್ಣು, ಒಂದು ಹಿಡಿ ಕೊತ್ತಂಬರಿ ಸೊಪ್ಪು.

ಒಗ್ಗರಣೆಗೆ: ಎಣ್ಣೆ 2 ಚಮಚ, ಸಾಸಿವೆ, ಎರಡು ಎಸಳು ಕರಿಬೇವು.

ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಬ್ಬದ ಅಡುಗೆ ಅನ್ನುವುದು ಒಂದು ಕಾರಣ. ಇನ್ನೊಂದು, ಈರುಳ್ಳಿ ನೀರು ಬಿಟ್ಟು ಹೂರಣ ಒದ್ದೆಯಾಗುತ್ತದೆ.

ಮೊದಲು ಹೂರಣ ಮುಗಿಸಿಕೊಳ್ಳಿ

ಕಣಕ ಕಾಯುವುದಿಲ್ಲ, ಆರಿದರೆ ಒಣಗುತ್ತದೆ. ಹೂರಣ ಕಾಯುತ್ತದೆ. ಆದ್ದರಿಂದ ಹೂರಣ ಪೂರ್ತಿ ತಯಾರಾಗಿ, ಆರಿ, ತಟ್ಟೆಯಲ್ಲಿ ಕೂತ ಮೇಲೆಯೇ ಕಣಕಕ್ಕೆ ನೀರಿಡಿ.

ಉದ್ದಿನಬೇಳೆಯನ್ನು ತೊಳೆದು ಒಂದರಿಂದ ಒಂದೂವರೆ ಗಂಟೆ ನೆನೆಸಿ. ಇಡ್ಲಿಗೆ ನೆನೆಸುವಂತೆ ನಾಲ್ಕೈದು ಗಂಟೆ ಬಿಡಬೇಡಿ. ಜಾಸ್ತಿ ನೀರು ಕುಡಿದ ಬೇಳೆ ಮಿಕ್ಸಿಯಲ್ಲಿ ತರಿಯಾಗುವ ಬದಲು ಲೋಳೆ ಲೋಳೆಯಾದ ಹಿಟ್ಟಾಗುತ್ತದೆ. ನೆನೆದ ಮೇಲೆ ನೀರೆಲ್ಲ ಬಸಿದು, ಬೇಳೆಯನ್ನು ತೂತಿನ ಬುಟ್ಟಿಯಲ್ಲಿ ಹದಿನೈದು ನಿಮಿಷ ಬಿಡಿ. ಅವಸರ ಇದ್ದರೆ ಬಟ್ಟೆಯ ಮೇಲೆ ಹರಡಿ ಒತ್ತಿ.

ಈಗ ಮಿಕ್ಸಿಗೆ ಮೊದಲು ಹಸಿಮೆಣಸು, ಶುಂಠಿ, ಉಪ್ಪು, ಇಂಗು ಹಾಕಿ ಒಂದು ಸುತ್ತು ತಿರುಗಿಸಿ. ಆಮೇಲೆ ಬೇಳೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಒಂದು ತೊಟ್ಟು ನೀರನ್ನೂ ಹಾಕಬೇಡಿ. ಒಂದೇ ಸಲ ಎಲ್ಲ ಬೇಳೆ ತುಂಬಿದರೆ ಕೆಳಗೆ ನುಣ್ಣಗಾಗಿ ಮೇಲೆ ಇಡೀ ಬೇಳೆ ಉಳಿಯುತ್ತದೆ. ಎರಡು ಸಲಕ್ಕೆ ಹಾಕಿ, ಮಧ್ಯೆ ಚಮಚದಲ್ಲಿ ಕೆದಕಿ. ಬೆರಳಲ್ಲಿ ಹಿಡಿದು ನೋಡಿದರೆ ಅಲ್ಲಲ್ಲಿ ಬೇಳೆಯ ಚೂರು ಸಿಗಬೇಕು. ಅದೇ ಹದ.

ಎಣ್ಣೆ ಸವರಿದ ಇಡ್ಲಿ ತಟ್ಟೆಗಳಲ್ಲಿ ಇದನ್ನು ಸಡಿಲವಾಗಿ ಹಾಕಿ, ಒತ್ತಬೇಡಿ. 10ರಿಂದ 12 ನಿಮಿಷ ಹಬೆಯಲ್ಲಿ ಬೇಯಿಸಿ. ಚಾಕು ಚುಚ್ಚಿದರೆ ಹಿಟ್ಟು ಅಂಟಬಾರದು. ಆಮೇಲೆ ಒಂದು ಅಗಲವಾದ ತಟ್ಟೆಗೆ ಹಾಕಿ ಚೆನ್ನಾಗಿ ಆರಲು ಬಿಡಿ. ಬಿಸಿಯಲ್ಲೇ ಪುಡಿ ಮಾಡಲು ಹೋದರೆ ಮುದ್ದೆ ಕಟ್ಟುತ್ತದೆ. ಆರಿದ ಮೇಲೆ ಕೈಯಲ್ಲಿ ಉಜ್ಜಿದರೆ ತಾನೇ ಉದುರುತ್ತದೆ. ಅಲ್ಲಲ್ಲಿ ಗಂಟು ಉಳಿದರೆ ಅಷ್ಟನ್ನು ಮಾತ್ರ ಮಿಕ್ಸಿಯಲ್ಲಿ ಅರ್ಧ ಸುತ್ತು ತಿರುಗಿಸಿದರಾಯಿತು.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಕರಿಬೇವನ್ನು ಸಣ್ಣಗೆ ಹೆಚ್ಚಿ ಹಾಕಿ. ಇಡೀ ಎಲೆ ಹಾಕಿದರೆ ಕಡುಬು ಮಡಚುವಾಗ ಅದರ ತುದಿ ಚುಚ್ಚಿ ಕಣಕ ತೂತಾಗುತ್ತದೆ. ಕಡಲೆಬೇಳೆ, ಉದ್ದಿನಬೇಳೆಯನ್ನು ಒಗ್ಗರಣೆಗೆ ಹಾಕದಿರುವುದೂ ಇದಕ್ಕೇ. ಪುಡಿ ಮಾಡಿದ ಹೂರಣ ಹಾಕಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ತೇವ ಆರುತ್ತಾ ಬಂದಂತೆ ಬಾಣಲೆಯಲ್ಲಿ ಸರ ಸರ ಅನ್ನುವ ಸದ್ದು ಬರುತ್ತದೆ. ಆಗ ಕಾಯಿತುರಿ ಹಾಕಿ ಒಮ್ಮೆ ಕಲಸಿ ಇಳಿಸಿಬಿಡಿ. ನಿಂಬೆರಸ, ಕೊತ್ತಂಬರಿ ಸೊಪ್ಪು ಒಲೆಯಿಂದ ಇಳಿಸಿದ ಮೇಲೆ.

ಈಗ ರುಚಿ ನೋಡಿ. ಹೂರಣದ ಉಪ್ಪು, ಖಾರ, ಹುಳಿ ಮೂರೂ ಬರೀ ತಿನ್ನುವಾಗ ಸ್ವಲ್ಪ ಮುಂದಿರಬೇಕು. ಕಣಕ ಸಪ್ಪೆ, ಅದು ಸೇರಿದಾಗ ಎಲ್ಲ ಸಮ ಆಗುತ್ತದೆ. ಬರೀ ಬಾಯಿಗೆ ಸರಿಯಾಗಿದೆ ಅನಿಸಿದ ಹೂರಣ ಕಡುಬಿನೊಳಗೆ ಹೋದಾಗ ಏನೋ ಕಡಿಮೆ ಅನಿಸುತ್ತದೆ.

ಹಿಂದಿನ ರಾತ್ರಿಯೇ ಹೂರಣ ಮಾಡಿಟ್ಟುಕೊಳ್ಳುವುದಾದರೆ ಕಾಯಿತುರಿ, ನಿಂಬೆರಸ ಹಾಕದೆ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಒಮ್ಮೆ ಬೆಚ್ಚಗೆ ಮಾಡಿ ಸೇರಿಸಿಕೊಳ್ಳಬಹುದು.

ಹಿಟ್ಟು ಯಾವುದು?

ಅಂಗಡಿಯ ಅಕ್ಕಿ ಹಿಟ್ಟಿನಲ್ಲೂ ಕಡುಬು ಆಗುತ್ತದೆ. ಆದರೆ ಪ್ಯಾಕೆಟ್ ತೆರೆದು ಬೆರಳ ನಡುವೆ ಉಜ್ಜಿ ನೋಡಿ. ರವೆ ರವೆ ಅನಿಸಿದರೆ ಅದು ಅಕ್ಕಿ ರೊಟ್ಟಿಗೆ ಸರಿ, ಕಡುಬಿಗೆ ಬೇಡ. ಟಾಲ್ಕಂ ಪೌಡರಿನಷ್ಟು ನುಣ್ಣಗಿರಬೇಕು. ಡಬ್ಬದಲ್ಲಿ ತಿಂಗಳುಗಟ್ಟಲೆ ಕೂತ ಹಿಟ್ಟು ಎಷ್ಟು ನಾದಿದರೂ ಬಿರಿಯುವುದೇ ಜಾಸ್ತಿ.

ಮನೆಯಲ್ಲೇ ಮಾಡಿಕೊಂಡ ಹಿಟ್ಟಿನ ಕಡುಬು ಬೇರೆಯೇ. ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿಯನ್ನು ತೊಳೆದು ಎರಡು ಗಂಟೆ ನೆನೆಸಿ. ನೀರು ಬಸಿದು, ತೆಳು ಬಟ್ಟೆಯ ಮೇಲೆ ನೆರಳಲ್ಲಿ ಅರ್ಧ ಗಂಟೆ ಹರಡಿ. ಮುಟ್ಟಿದರೆ ತಂಪಿರಬೇಕು, ಕೈಗೆ ಅಂಟಬಾರದು. ಮಿಕ್ಸಿಯಲ್ಲಿ ಪುಡಿ ಮಾಡಿ, ನುಣ್ಣನೆ ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಪುಡಿ ಮಾಡಿ. ಈ ಹಿಟ್ಟಿನಲ್ಲಿ ಆಗಲೇ ನೀರಿನಂಶ ಇರುವುದರಿಂದ ಕಣಕಕ್ಕೆ ನೀರು ಕಡಿಮೆ ಸಾಕು. 2 ಬಟ್ಟಲಿಗೆ 2 ಬಟ್ಟಲು ನೀರಿನಿಂದ ಶುರು ಮಾಡಿ. ಬಾಸ್ಮತಿ ಅಕ್ಕಿ ಬೇಡ, ಕಡುಬು ಗಟ್ಟಿಯಾಗುತ್ತದೆ. ಕುಚ್ಚಲಕ್ಕಿಯೂ ಬೇಡ.

ಹೊರದೇಶದಲ್ಲಿರುವವರಿಗೆ ಒಂದು ಮಾತು. ಥಾಯ್ ಅಂಗಡಿಗಳಲ್ಲಿ ಸಿಗುವ ಅಕ್ಕಿ ಹಿಟ್ಟು ತುಂಬಾ ನುಣ್ಣಗಿರುತ್ತದೆ, ಈ ಕಣಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅಲ್ಲೇ ಪಕ್ಕದಲ್ಲಿ ಅಂಟು ಅಕ್ಕಿಯ ಹಿಟ್ಟೂ ಇರುತ್ತದೆ. ಎರಡರ ಪ್ಯಾಕೆಟ್ಟೂ ನೋಡಲು ಒಂದೇ ಥರ ಇರುವುದುಂಟು. ಅಂಟು ಅಕ್ಕಿಯದ್ದು ತಂದರೆ ಕಡುಬು ಜಗಿಯಲು ಆಗದಂತೆ ಅಂಟಂಟಾಗುತ್ತದೆ, ಓದಿ ತನ್ನಿ. ಫ್ರೀಜರಿನ ಕಾಯಿತುರಿ ಬಳಸುವುದಾದರೆ ಪೂರ್ತಿ ಕರಗಿಸಿ, ಬಾಣಲೆಯಲ್ಲಿ ನೀರಾರಿಸಿ ಹಾಕಿ.

ಕಣಕ ತೊಳಸುವುದು

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಇದೆ, ತಣ್ಣೀರು ಹಾಕಿ ನಾದಿದರೂ ಎಳೆದಂತೆ ಬರುತ್ತದೆ. ಅಕ್ಕಿಯಲ್ಲಿ ಅದಿಲ್ಲ. ಅಕ್ಕಿ ಹಿಟ್ಟನ್ನು ಒಂದಾಗಿ ಹಿಡಿದಿಡುವುದು ಅದರ ಪಿಷ್ಟ ಮಾತ್ರ. ಪಿಷ್ಟ ನೀರು ಕುಡಿದು, ಉಬ್ಬಿ, ಅಂಟಾಗಲು ಸುಮಾರು 70 ಡಿಗ್ರಿಯಷ್ಟಾದರೂ ಬಿಸಿ ಬೇಕು. ಉಗುರು ಬೆಚ್ಚಗಿನ ನೀರಲ್ಲಿ ಕಲಸಿದ ಕಣಕ ಬಿರಿಯುವುದು ಇದೇ ಕಾರಣಕ್ಕೆ. ನೀರು ಕೊತ ಕೊತ ಕುದಿಯಲೇಬೇಕು.

ದಪ್ಪ ತಳದ ಪಾತ್ರೆಯಲ್ಲಿ 3 ಬಟ್ಟಲು ನೀರು ಕಾಯಲಿಡಿ. ಕುದಿ ಬಂದಾಗ ಅರ್ಧ ಬಟ್ಟಲು ತೆಗೆದು ಪಕ್ಕಕ್ಕಿಡಿ. ಉಳಿದ ಎರಡೂವರೆ ಬಟ್ಟಲಿಗೆ ಉಪ್ಪು, ಎಣ್ಣೆ ಹಾಕಿ, ಉರಿ ಪೂರ್ತಿ ಸಣ್ಣ ಮಾಡಿ, ಹಿಟ್ಟನ್ನೆಲ್ಲ ಒಮ್ಮೆಗೇ ಸುರಿಯಿರಿ. ಮುದ್ದೆಗೆ ಮಾಡುವಂತೆ ಕೋಲಿನಿಂದ ಅಥವಾ ಮರದ ಸೌಟಿನ ಹಿಡಿಯಿಂದ ತೊಳಸಿ. ಮೊದಲು ಗಂಟು ಗಂಟಾಗಿ ಕಾಣುತ್ತದೆ, ಗಾಬರಿ ಬೇಡ. ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸುತ್ತಾ ಹೋದರೆ ಒಂದು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಬಿಳೀ ಒಣ ಹಿಟ್ಟು ಇನ್ನೂ ಕಂಡರೆ ಎತ್ತಿಟ್ಟ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ. ಹಿಟ್ಟಿಗೆ ತಕ್ಕಂತೆ ಎರಡು ಚಮಚವೂ ಸಾಕಾಗಬಹುದು, ಅರ್ಧ ಬಟ್ಟಲೂ ಬೇಕಾಗಬಹುದು.

ಆಮೇಲೆ ಮುಚ್ಚಳ ಮುಚ್ಚಿ, ಅದೇ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಡಿ. ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ ಹತ್ತು ನಿಮಿಷ. ಬಹಳ ಜನ ಬಿಟ್ಟುಬಿಡುವುದು ಈ ಹತ್ತು ನಿಮಿಷವನ್ನೇ. ಹಿಟ್ಟಿನ ಒಳಗೊಳಗೆ ಹಬೆ ಹೋಗಿ ಹಸಿತನ ಕಳೆಯುವುದು ಆಗಲೇ.

ಈಗ ಅಗಲ ತಟ್ಟೆಗೆ ಹಾಕಿ ನಾದಬೇಕು. ಬಿಸಿ ಇರುವಾಗಲೇ ನಾದಬೇಕು, ಆರಿದ ಮೇಲೆ ಎಷ್ಟು ಒತ್ತಿದರೂ ನಯವಾಗುವುದಿಲ್ಲ. ಕೈ ಸುಡುತ್ತದೆ ಅಂದರೆ ಮೊದಲು ಎಣ್ಣೆ ಸವರಿದ ಲೋಟದ ತಳದಿಂದ ಒತ್ತಿ. ಒದ್ದೆ ಬಟ್ಟೆ ಮುಚ್ಚಿಕೊಂಡು ಅದರ ಮೇಲಿಂದ ನಾದುವುದೂ ಉಂಟು. ತಡೆಯುವಷ್ಟಾದಾಗ ಅಂಗೈಗೆ ನೀರು ಮುಟ್ಟಿಸಿಕೊಂಡು, ಅಂಗೈಯ ಬುಡದಿಂದ ತಳ್ಳಿ ತಳ್ಳಿ ನಾಲ್ಕೈದು ನಿಮಿಷ ನಾದಿ. ಮೇಲ್ಮೈ ನುಣುಪಾಗಿ, ಕಿವಿಯ ಹಾಲೆಯಷ್ಟು ಮೆತ್ತಗಾದರೆ ಮುಗಿಯಿತು. ಪರೀಕ್ಷೆಗೆ ಒಂದು ಸಣ್ಣ ಉಂಡೆ ಮಾಡಿ ಅಮುಕಿ ನೋಡಿ. ಅಂಚು ಬಿರಿದರೆ ಒದ್ದೆ ಕೈಯಲ್ಲಿ ಇನ್ನೂ ನಾದಿ. ಕೈಗೆ ಮೆತ್ತಿಕೊಂಡರೆ ಎಣ್ಣೆ ಸವರಿಕೊಳ್ಳಿ. ತೀರಾ ನೀರಾಗಿದ್ದರೆ ಮತ್ತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ತೊಳಸಿ ಗಟ್ಟಿ ಮಾಡಿ, ಹಸಿ ಹಿಟ್ಟು ಮಾತ್ರ ಸೇರಿಸಬೇಡಿ. ಸೇರಿಸಿದರೆ ಆ ಜಾಗದಲ್ಲೇ ಬಿರಿಯುತ್ತದೆ.

ಹಳೆಯ ಮನೆಗಳಲ್ಲಿ ಇನ್ನೊಂದು ಬಗೆ ಇತ್ತು, ಈಗಲೂ ಅದೇ ಎಲ್ಲಕ್ಕಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೆನೆಸಿದ ಅಕ್ಕಿಯನ್ನು ಪುಡಿ ಮಾಡುವ ಬದಲು ನೀರು ಹಾಕಿ ಬೆಣ್ಣೆಯಂತೆ ನುಣ್ಣಗೆ ರುಬ್ಬಬೇಕು. ಒಂದು ಬಟ್ಟಲು ಅಕ್ಕಿಗೆ, ರುಬ್ಬಲು ಹಾಕಿದ್ದೂ ಸೇರಿ ಸುಮಾರು 2 ಬಟ್ಟಲು ನೀರು. ತೆಳ್ಳಗಿನ ಈ ಹಿಟ್ಟಿಗೆ ಉಪ್ಪು, ಎಣ್ಣೆ ಹಾಕಿ ಬಾಣಲೆಗೆ ಹುಯ್ದು, ಸಣ್ಣ ಉರಿಯಲ್ಲಿ ಕೈ ಬಿಡದೆ ಗೊಟಾಯಿಸಬೇಕು. ಮೊದಲು ಗಂಜಿ, ಆಮೇಲೆ ಗಂಟು, ಆಮೇಲೆ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ ಸೌಟಿನ ಸುತ್ತ ತಿರುಗುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟುವುದಿಲ್ಲ. ಜರಡಿ ಹಿಡಿಯುವ ಕೆಲಸವಿಲ್ಲ, ನೀರಿನ ಲೆಕ್ಕ ತಪ್ಪುವುದು ಕಡಿಮೆ, ಕಣಕ ಎಷ್ಟು ತೆಳ್ಳಗೆ ಬೇಕಾದರೂ ಬರುತ್ತದೆ. ಹದಿನೈದು ನಿಮಿಷ ತೋಳಿಗೆ ಕೆಲಸ, ಅಷ್ಟೇ. ಈ ಬಗೆಯಲ್ಲಿ ಮೇಲಿನ ಹೂರಣಕ್ಕೆ ಒಂದೂವರೆ ಬಟ್ಟಲು ಅಕ್ಕಿ ಸಾಕು.

ತುಂಬುವುದು, ಮಡಚುವುದು

ಕಣಕವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಒಂದು ಸಲಕ್ಕೆ ಒಂದು ಉಂಡೆಯಷ್ಟೇ ತೆಗೆಯಿರಿ, ಸಣ್ಣ ನಿಂಬೆಹಣ್ಣಿನಷ್ಟು. ಎಣ್ಣೆ ಸವರಿದ ಬಾಳೆ ಎಲೆಯ ಚೂರಿನ ಮೇಲೆ, ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟು ಬೆರಳಿನಿಂದ ತಟ್ಟಿ. ಮಧ್ಯ ಸ್ವಲ್ಪ ದಪ್ಪ, ಅಂಚು ತೆಳು ಇರಬೇಕು. ಅಂಚು ಎರಡು ಪದರ ಸೇರುತ್ತದಲ್ಲ, ಅದು ದಪ್ಪಗಿದ್ದರೆ ತಿನ್ನುವಾಗ ಬರೀ ಹಿಟ್ಟೇ ಸಿಗುತ್ತದೆ. ಪೂರಿ ಒತ್ತುವ ಮಣೆ ಇದ್ದರೆ ಕೆಲಸ ಬೇಗ ಆಗುತ್ತದೆ, ಹಗುರವಾಗಿ ಒತ್ತಿ.

ಒಂದು ದೊಡ್ಡ ಚಮಚ ಹೂರಣ ಅರ್ಧ ಭಾಗದ ಮೇಲಿಡಿ. ಅಂಚಿನಲ್ಲಿ ಅರ್ಧ ಅಂಗುಲ ಜಾಗ ಖಾಲಿ ಬಿಡಿ. ಎಲೆಯ ಸಮೇತ ಮಡಚಿ, ಎಲೆಯ ಮೇಲಿನಿಂದಲೇ ಬೆರಳಲ್ಲಿ ಅಂಚು ಒತ್ತುತ್ತಾ ಬನ್ನಿ. ಹೂರಣದ ಕಡೆಯಿಂದ ಹೊರಗಡೆಗೆ ಒತ್ತಿದರೆ ಒಳಗಿನ ಗಾಳಿ ಹೊರಟುಹೋಗುತ್ತದೆ. ಒಳಗೆ ಉಳಿದ ಗಾಳಿ ಹಬೆಯಲ್ಲಿ ಉಬ್ಬಿ ಕಡುಬನ್ನು ಸೀಳುತ್ತದೆ. ಅಂಚಿಗೆ ಹೂರಣದ ಒಂದು ಕಾಳು ಸಿಕ್ಕಿಕೊಂಡಿದ್ದರೂ ಅಲ್ಲಿ ಅಂಟುವುದಿಲ್ಲ, ಒರೆಸಿ ಒತ್ತಿ. ಸಣ್ಣ ಬಿರುಕು ಕಂಡರೆ ಒದ್ದೆ ಬೆರಳಲ್ಲಿ ಸವರಿ ಮುಚ್ಚಿದರಾಯಿತು.

ಸಿಹಿ, ಖಾರ ಎರಡೂ ಮಾಡುವ ದಿನ ಸಿಹಿಯನ್ನು ಮೋದಕದ ಆಕಾರದಲ್ಲಿ ಕಟ್ಟಿ, ಖಾರವನ್ನು ಹೀಗೆ ಮಡಚಿ. ಬೆಂದ ಮೇಲೆ ಎರಡೂ ಬೆಳ್ಳಗೇ ಇರುತ್ತವೆ. ಆಕಾರ ಬೇರೆ ಇದ್ದರೆ ಬಡಿಸುವವರಿಗೆ ಸುಲಭ, ಅಲ್ವಾ?

ಹಬೆಯಲ್ಲಿ ಬೇಯಿಸುವುದು

ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆಯೇ ಕಡುಬಿನ ತಟ್ಟೆ ಇಡಿ. ತಟ್ಟೆಗೆ ಎಣ್ಣೆ ಸವರಿ, ಸಾಧ್ಯವಾದರೆ ಬಾಳೆ ಎಲೆ ಹಾಸಿ. ಕಡುಬುಗಳು ಒಂದಕ್ಕೊಂದು ತಾಗಬಾರದು, ಬೆಂದ ಮೇಲೆ ಬಿಡಿಸಲು ಹೋದರೆ ಹರಿಯುತ್ತವೆ. ಮುಚ್ಚಳದಿಂದ ನೀರು ತೊಟ್ಟಿಕ್ಕದಂತೆ ಕಡುಬಿನ ಮೇಲೆ ತೆಳು ಬಟ್ಟೆ ಅಥವಾ ಬಾಳೆ ಎಲೆ ಮುಚ್ಚಿ. ಕುಕ್ಕರ್ ಆದರೆ ವೆಯ್ಟ್ ಹಾಕಬೇಡಿ.

8ರಿಂದ 10 ನಿಮಿಷ ಸಾಕು. ಹೂರಣ ಆಗಲೇ ಬೆಂದಿದೆ, ಕಣಕವೂ ಮುಕ್ಕಾಲು ಬೆಂದಿದೆ. ಹದಿನೈದು, ಇಪ್ಪತ್ತು ನಿಮಿಷ ಬಿಟ್ಟರೆ ಅಂಚು ಬಿಚ್ಚಿಕೊಳ್ಳುತ್ತದೆ. ಬೆಂದ ಕಡುಬು ಹೊಳೆಯುತ್ತದೆ, ಒಳಗಿನ ಹಸಿರು ಮಸುಕಾಗಿ ಹೊರಗೆ ಕಾಣುತ್ತದೆ. ಒಲೆ ಆರಿಸಿ, ಮುಚ್ಚಳ ತೆಗೆದು ಐದು ನಿಮಿಷ ಹಾಗೇ ಬಿಡಿ. ಬಿಸಿ ಬಿಸಿಯಾಗಿ ಎತ್ತಲು ಹೋದರೆ ತಳ ತಟ್ಟೆಗೇ ಅಂಟಿಕೊಳ್ಳುತ್ತದೆ. ಸ್ವಲ್ಪ ಆರಿದರೆ ಒದ್ದೆ ಚಮಚದಲ್ಲಿ ಸಲೀಸಾಗಿ ಏಳುತ್ತದೆ.

ಬೇರೆ ಬೇಳೆಯಲ್ಲಿ

ಉದ್ದು ಒಗ್ಗದವರು ಕಡಲೆಬೇಳೆ, ತೊಗರಿಬೇಳೆ ಸಮಪಾಲು ಹಾಕಬಹುದು. ಎರಡು ಗಂಟೆ ನೆನೆಸಿ, ನುಚ್ಚಿನುಂಡೆಗೆ ರುಬ್ಬುವಂತೆ ತರಿಯಾಗಿ ರುಬ್ಬಿ, ಹಾಗೇ ಬೇಯಿಸಿ ಉದುರಿಸಿ. ಇದಕ್ಕೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು ಸೇರಿದರೆ ತುಂಬಾ ರುಚಿ. ಆದರೆ ಒರಟು ಜಾಸ್ತಿ, ಕಾಯಿತುರಿ ಧಾರಾಳವಾಗಿ ಹಾಕಬೇಕು. ಹೆಸರುಬೇಳೆಯೂ ಆಗುತ್ತದೆ, ಅರ್ಧ ಗಂಟೆ ನೆನೆದರೆ ಸಾಕು. ಮೆತ್ತಗಿನ ಹೂರಣ, ಮಕ್ಕಳಿಗೆ ಒಳ್ಳೆಯದು. ಹಬ್ಬಕ್ಕೆ ಮಾತ್ರ ನಾನು ಉದ್ದನ್ನು ಬಿಡುವುದಿಲ್ಲ. ಅದರ ಹಗುರತನ ಬೇರೆ ಬೇಳೆಗೆ ಬರುವುದಿಲ್ಲ.

ತಿನ್ನುವಾಗ, ಉಳಿದಾಗ

ತುಪ್ಪ, ಇಲ್ಲವೇ ಹಸಿ ಕೊಬ್ಬರಿ ಎಣ್ಣೆ. ಕಾಯಿ ಚಟ್ನಿ ಬೇಕು ಅನ್ನುವವರು ಮಾಡಿಕೊಳ್ಳಲಿ, ಹೂರಣದಲ್ಲೇ ಎಲ್ಲ ಇರುವುದರಿಂದ ನನಗೆ ಬೇಕು ಅನಿಸುವುದಿಲ್ಲ.

ಕಾಯಿತುರಿ ಇರುವುದರಿಂದ ಸೆಕೆಗಾಲದಲ್ಲಿ ಹೊರಗೆ ಬಹಳ ಹೊತ್ತು ಇಡಬೇಡಿ. ಫ್ರಿಜ್ಜಿನಲ್ಲಿಟ್ಟರೆ ಅಕ್ಕಿ ಕಣಕ ಗಟ್ಟಿಯಾಗುತ್ತದೆ, ಅದು ಕೆಟ್ಟದ್ದಲ್ಲ. ಮತ್ತೆ ನಾಲ್ಕೈದು ನಿಮಿಷ ಹಬೆಯಲ್ಲಿಟ್ಟರೆ ಮೊದಲಿನಂತೆ ಮೆದುವಾಗುತ್ತದೆ. ಹಬೆ ಬೇಡ ಅಂದರೆ ಕಡುಬನ್ನು ಎರಡು ತುಂಡು ಮಾಡಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಕಾಯಿಸಿ. ಮರುದಿನ ಇದಕ್ಕೇ ಬೇಡಿಕೆ ಜಾಸ್ತಿ.

ಹೂರಣ, ಕಣಕ ಯಾವತ್ತೂ ಸರಿಸಮ ಮುಗಿಯುವುದಿಲ್ಲ. ಕಣಕ ಉಳಿದರೆ ಗೋಲಿಯಷ್ಟು ಸಣ್ಣ ಉಂಡೆ ಮಾಡಿ, ಹಬೆಯಲ್ಲಿ ಐದು ನಿಮಿಷ ಬೇಯಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಿ ಮೇಲೆ ಕಾಯಿತುರಿ ಉದುರಿಸಿ. ಹೂರಣ ಉಳಿದರೆ ಮಧ್ಯಾಹ್ನಕ್ಕೆ ಹುರುಳಿಕಾಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ನೀರು ಬಸಿದು, ಈ ಹೂರಣ ಸೇರಿಸಿ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ. ಬಿಸಿ ಅನ್ನ, ಮಜ್ಜಿಗೆಹುಳಿಯ ಜೊತೆ ಈ ಪಲ್ಯ ಸೊಗಸಾಗಿರುತ್ತದೆ.